ಮಜ್ಜಿಗಿ

ದವಾಖಾನಿ ಹಿಂದಿನ ಕಬ್ಬಿಣದ ಪಂಜರದಾಗ
ಹತ್ತು ದಿನ ಅದನ್ನ ಇಟಗೋಬೇಕಂತ ಹುಕುಂ.
ರೇಬೀಸ್ ಇದ್ರ ಅಷ್ಟರಾಗ ತಾನ ಸಾಯತೈತಿ,
ಇಲ್ಲಾಂದ್ರ ಬದುಕತೈತಿ. ಇಷ್ಟ ಪರೀಕ್ಷೆ.
ಪಾಸಾದರೇನು, ಫೇಲಾದರೇನು,
ಫಕೀರವ್ವನ್ನ ಮಣ್ಣು ಮಾಡಿ ಬಂದಿದ್ರು.

ನಾನು ಡಾಕ್ಟರಲ್ಲ. ಬಕೆಟ್ ತುಂಬಾಂವ,
ಎತ್ತಿನ ಮೂಗು ಹಿಡಿಯಾಂವ, ಸೂಜಿ ಕುದಿಸಾಂವ.
ಬ್ಯಾಡಗಿ ಪಶು ದವಾಖಾನಿಯಾಗ ಇಪ್ಪತ್ತೊಂದು ವರ್ಷ.
ಕಡಿಸಿಕೊಂಡದ್ದು ನಾಕು ಸಲ, ನಾಕೂ ಬೀದಿನಾಯಿ.

ಮೊದಲನೇ ದಿನ ಅದು ಕುಡೀತು ನೋಡ್ರಿ ನೀರು.
ಒಂದು ಬಕೆಟ್, ಎರಡು. ತಳ ನೆಕ್ಕಿತು.
ನಾಲಗಿ ಫರಶಿಗೆ ತಿಕ್ಕಿತು,
ಮುಂಗಾಲಿಂದ ಮೂತಿ ಒರಸಿಕೊಂತು, ಕುಂಯ್ ಅಂತು.
ಏನಾಗೇತಿ ಇದಕ್ಕ ಅಂತ ಬಗ್ಗಿ ನೋಡಿದೆ:
ತುಟಿ ಬಾತು ಕೆಂಪಡರಿದ್ದವು.
ತಿಳೀತು.

ಫಕೀರವ್ವ ಮೆಣಸಿನಕಾಯಿ ತುಂಬು ಬಿಡಿಸಾಕಿ.
ಕಿಲೋಕ್ಕ ಇಷ್ಟು ಅಂತ ಲೆಕ್ಕ. ಮೂವತ್ತು ಸುಗ್ಗಿ.
ಆ ಕೈಗೆ ಸಾಬಾಣ ಹತ್ತೂದಿಲ್ಲ, ಸೀಮಿಎಣ್ಣಿ ಹತ್ತೂದಿಲ್ಲ,
ಉಗುರಿನ ಸಂದ್ಯಾಗ ಬೀಜ, ಗೆರಿಯೊಳಗ ಬಣ್ಣ.
ಆಕಿ ಕಣ್ಣು ಒರಸಿಕೊಳ್ಳೂದೂ ಮೊಣಕೈಲೆ.
ಕೋಲ್ಡ್ ಸ್ಟೋರೇಜಿನ ಗೇಟು ನಸುಕಿನ್ಯಾಗ ಅರ್ಧ ತಗದಿತ್ತು.
ಮಾರಿ ಉಳಿಸಿಕೊಳ್ಳಾಕ ಎರಡೂ ಕೈ ಅಡ್ಡ ಹಿಡದಾಳ.
ಮುಂದಿಂದು ನಾ ಹೇಳೂದಿಲ್ಲ.

ಮನಿಯಿಂದ ಒಂದು ತಂಬಿಗಿ ಮಜ್ಜಿಗಿ ತಂದು
ತಗಡಿನ ತಾಟಿಗೆ ಸುರುವಿದೆ.
ಯಾಕ ಸುರುವಿದ್ನೋ. ಖಾರ ಹತ್ತಿದ ಬಾಯಿ,
ಕೈ ತಾನ ಹೋತು.
ಆಮ್ಯಾಲ ಆ ತಂಬಿಗಿ ಮನಿಗೆ ಒಯ್ಯಲಿಲ್ಲ.

ಗೇಟಿನ ಹೊರಗ ದಿನಾ ಪಂಚಾಯ್ತಿ.
ಇಂಥಾ ತಳೀನ ಬಂದ್ ಮಾಡಬೇಕು ಅಂದ್ರು ಒಬ್ರು.
ತಳಿದಲ್ಲ ತಪ್ಪು, ಸಾಕಿದಾಂವಂದು ಅಂದ ಹಾನಗಲ್ಲಿನ ಹುಡುಗ,
ಇಂಥಾದ್ದ ಒಂದು ಕೂಸಿನ ಮಗ್ಗಲಕ ಮಕ್ಕೊಂಡದ್ದು
ಮೊಬೈಲಿನಾಗ ತೋರಿಸಿದ.
ನಮ್ಮ ಮುಧೋಳ ನಾಯಿ ಹಿಂಗ ಮಾಡತಿತ್ತೇನು ಅಂತ ಮತ್ತೊಬ್ರು.
ಧಣಿ ಕಡಿಯವ್ರು: ಜಾತಿನಾಯಿರೀ, ಪೇಪರ್ ಅದಾವು,
ಅರವತ್ತು ಸಾವಿರ ಎಣಿಸೇವಿ.
ಹಿರೇರೊಬ್ರು ಎಲಿ ಹಾಕ್ಕೋತ ಕಡೀ ಮಾತು ಹೇಳಿದ್ರು:
ಎಷ್ಟು ಕಲಿಸಿದ್ರೇನು, ರಕ್ತದಾಗಿಂದು ಎಲ್ಲಿ ಹೊಕ್ಕೈತಿ, ಹುಟ್ಟುಗುಣ.

ನಾ ಕಸಬರಿಗಿ ಹಿಡಕೊಂಡು ನಿಂತಿದ್ದೆ.
ಆ ಮಾತು ನನಗ ಹೊಸಾದಲ್ಲ.
ನಮ್ಮಪ್ಪ ಸಾಲಿ ಮೆಟ್ಟಲ ಹತ್ತಿದಾಗ ಅಂದಿದ್ರಂತ,
ಒಂದಕ್ಷರ ಹೆಚ್ಚಿಲ್ಲ, ಕಡಿಮಿಲ್ಲ.
ಅಲ್ಲರೀ, ಅನ್ನಾಕ ಬಾಯಿ ತಗದೆ.
ಹಿಂದ ಪಂಜರದಾಗ ಅದು ಆಕಳಿಸಿತು.
ಆ ದವಡಿ ನೋಡಿದೆ.
ಬಾಯಿ ಮುಚ್ಚಿಕೊಂಡೆ.

ರಾಶಿ ತುಳಿಯೂ ಎತ್ತು ಎರಡು ಕಾಳು ತಿಂದೀತಂತ
ಕುಕ್ಕಿ ಹೆಣೆದು ಮೂತಿಗೆ ಕಟ್ಟಿದ ಮಂದಿ ನಾವು.
ಈ ಬಾಯಿ ಮುಂದ ಯಾರಿಗೂ ಅದು ನೆಪ್ಪಾಗಲಿಲ್ಲ.

ಏಳನೇ ದಿನ ಮಗಳು ಬಂದ್ಲು, ನೀಲವ್ವ.
ಕಲ್ಲು ತಂದಾಳೇನಂತ ಸೆರಗು ನೋಡಿದೆ. ಇಲ್ಲ.
ಭಾಳೊತ್ತು ನಿಂತ್ಲು. ಅದು ಬಾಲ ಅಲ್ಲಾಡಿಸಿತು.
ಅದಕ್ಕೇನು ಗೊತ್ತು ಅಂತೀರಿ.
ಗೊತ್ತಿರಲೂಬಹುದು. ನನಗ ತಿಳಿಯಂಗಿಲ್ಲ.
ಆಕಿ ಅಂದ್ಲು: ಸಣ್ಣಾಕಿದ್ದಾಗ ಅವ್ವ ತುತ್ತು ಕೊಟ್ರ
ಬರೇ ಅನ್ನ ಇದ್ರೂ ಬಾಯಿ ಉರೀತಿತ್ತು.
ಅತ್ತರ ಮಜ್ಜಿಗಿ ಕುಡಸತಿದ್ಲು.
ಇದಕ್ಕೂ ಉರದಿರಬೇಕಲ್ಲಣ್ಣ?
ಹೂಂ, ಅಂದೆ.
ಏನು ಕೊಟ್ಟಿ?
ನೀರು, ಅಂದೆ.

ಹತ್ತು ತುಂಬಿದವು. ರೋಗದ ಲಕ್ಷಣ ಇಲ್ಲ.
ಹಾವೇರಿಯಿಂದ ಗಾಡಿ ಬಂತು,
ಎಲ್ಲಿಗೆ ಅಂಬೂದು ಕಾಗದದಾಗ ಬರದಿರಲಿಲ್ಲ.
ಬೆಲ್ಟು ತೋರಿಸಿದ್ದ ತಡ, ಕುತ್ತಿಗಿ ಚಾಚಿ ಕುಂತಿತು,
ಯಾರೋ ಭಾಳ ಪ್ರೀತಿಲೆ ಕಲಿಸಿದಂಗ.

ತಂಬಿಗಿ ಇನ್ನೂ ಔಷಧಿ ಕಪಾಟಿನ ಮ್ಯಾಲೈತಿ.
ಹೆಂಡತಿ ಎರಡು ಸಲ ಕೇಳಿದ್ಲು.
ಕಳದೈತಿ ಅಂದೇನಿ.